ಫಿಲ್ಟರಿನ ಮೇಲೆ ಮೂರು ಗೆರೆ

ಆಯುಧಪೂಜೆಯ ದಿನ ಕಾರಿನ ಹೊಸ ಏಸಿ ಫಿಲ್ಟರಿನ ಅಂಚಿಗೂ ಅವ್ವ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದಳು. ಧೂಳೆಂದರೆ ಅವಳಿಗೆ ಕೆಮ್ಮು. ಹರಿಹರದಲ್ಲಿ ಗ್ಯಾರೇಜು ಇಟ್ಟಿರುವ ಅಕ್ಕನ ಗಂಡ ಬಸವಕಿರಣ್, ಹಳೆಯದನ್ನು ತೆಗೆದು ಇದನ್ನು ಹಾಕುತ್ತೇನೆಂದು ಕಾರು ಒಯ್ದ. ಸಂಜೆ ಹಾಕಿದ್ದೇನೆಂದು ಮರಳಿಸಿದ.

ಆದರೂ ನಿನ್ನೆ ದಾವಣಗೆರೆಯಿಂದ ಹರಿಹರ ಮುಟ್ಟುವವರೆಗೂ ಅವ್ವ ಕೆಮ್ಮುತ್ತಲೇ ಇದ್ದಳು. ಅವನ ಮನೆಮುಂದೆ ಕಾರು ನಿಲ್ಲಿಸಿದವನೇ ಡ್ಯಾಶ್‌ಬೋರ್ಡಿನ ಡಬ್ಬಿ ಕಳಚಿ ಫಿಲ್ಟರ್ ಎಳೆದೆ. ಮಸಿಅರಿವೆಯಂತೆ ಕಪ್ಪಗಿತ್ತು. ವಿಭೂತಿಯ ಗುರುತೇ ಇರಲಿಲ್ಲ.

"ಏನ್ ಬಾವ ಇದು?"

"ಹೊಸದೇ ಐತೆ ಮಾರಾಯ, ಧೂಳಿಗೆ ಹಂಗಾಗೈತೆ. ಅತ್ತೆ ಮ್ಯಾಲಾಣೆ, ನಾನೇ ಹಾಕೀನಿ."

ಅದೂ ಅವ್ವನ ಎದುರಿಗೇ! ನನಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲೇ ಅವನ ಕಾರಿತ್ತು, ನಮ್ಮಂಥದ್ದೇ.

"ಏಯ್, ಅದನ್ಯಾಕ ಬಿಚ್ತೀಯ?" ಎಂದು ಅವನು ಓಡಿ ಬರುವಷ್ಟರಲ್ಲಿ ಅದರ ಫಿಲ್ಟರೂ ನನ್ನ ಕೈಯಲ್ಲಿತ್ತು. ಅಂಚಿನ ಮೇಲೆ ಮೂರು ಬಿಳಿ ಗೆರೆ.

ಅವ್ವ ಆ ಗೆರೆಗಳ ಮೇಲೆ ತನ್ನ ಮೂರು ಬೆರಳಿಟ್ಟು ನೋಡಿದಳು. ಆಮೇಲೆ ತಲೆಯೆತ್ತಿದಳು.

"ನನ್ನ ಮ್ಯಾಲೆ ಆಣೆ ಮಾಡಿದ್ದು ಆತು, ಅಳಿಯಂದ್ರೆ. ನನ್ನ ಮಗಳ ಮ್ಯಾಲೆ ಮಾತ್ರ ಮಾಡಬ್ಯಾಡ್ರಿ."