ಹದಿನಾಲ್ಕನೆಯ ಪುಟದ ದೋಣಿ

ಲಿರಿಸ್ ಬೆಥೆಲ್ ಹೆಸರು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕ್ಯಾರಿಯಾಕೂ ದ್ವೀಪದ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ಚಿತ್ರ ಬರೆದವರು ನಾವು. ಹನ್ನೊಂದನೇ ವಯಸ್ಸಿಗೆ ಅವಳನ್ನು ಚಿಕ್ಕಮ್ಮ ಟ್ರಿನಿಡಾಡಿಗೆ ಕರೆದುಕೊಂಡು ಹೋದಳು. ನನಗೆ ಅಂಥ ಚಿಕ್ಕಮ್ಮ ಇರಲಿಲ್ಲ.

ಅವಳು ಏರುತ್ತಲೇ ಹೋದಳು. ಮೊದಲು ಪತ್ರಿಕೆಗೆ ಚಿತ್ರ, ಆಮೇಲೆ ಪಠ್ಯಪುಸ್ತಕ, ಆಮೇಲೆ ಕಿಂಗ್‌ಸ್ಟನ್‌, ಲಂಡನ್‌ಗಳಲ್ಲಿ ಪ್ರದರ್ಶನ. ನಾನು ಇಲ್ಲೇ ದೋಣಿಗಳ ಮೂತಿಯ ಮೇಲೆ ಹೆಸರು ಬರೆದುಕೊಂಡಿದ್ದೆ. ಅವಳು ಚಿತ್ರ ಬರೆದ ಅಂಚೆಚೀಟಿಗೆ ನಾನೇ ಎಂಜಲು ಹಚ್ಚಿ ಅಂಟಿಸಬೇಕಾಗಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಹೋದ ವರ್ಷ ಬಂದಳು. ನಮ್ಮೂರಲ್ಲಿ ದೋಣಿ ಕಟ್ಟಿ ನೀರಿಗಿಳಿಸುವ ಬಗ್ಗೆ ಮಕ್ಕಳ ಪುಸ್ತಕವಂತೆ. ಹಾಳೆಗಳನ್ನೆಲ್ಲ ನನ್ನ ಬಣ್ಣದ ಡಬ್ಬಿಗಳ ನಡುವೆ ಹರಡಿದಳು.

"ಕಾಸ್ಮೋ, ನಾನು ಊರು ಬಿಟ್ಟು ನಲವತ್ತು ವರ್ಷ ಆಯ್ತು. ದೋಣಿ ವಿಷಯದಲ್ಲಿ ನಿನ್ನ ಕಣ್ಣೇ ಕಣ್ಣು. ಎಲ್ಲಾದ್ರೂ ತಪ್ಪಿದ್ರೆ ಹೇಳೋ, ಮುಚ್ಚಿಡಬೇಡ."

ಚಿತ್ರಗಳು ಚೆನ್ನಾಗಿದ್ದವು. ದೋಣಿ ನೀರಿಗಿಳಿಸುವ ಮುನ್ನ ಬಲಿ ಕೊಡಲು ಕಟ್ಟಿದ ಆಡಿನ ಕಣ್ಣು ನೋಡಿದರೆ ಹಗ್ಗ ಬಿಚ್ಚಿಬಿಡೋಣ ಅನ್ನಿಸುತ್ತಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು.

ಹದಿನಾಲ್ಕನೆಯ ಪುಟಕ್ಕೆ ಬಂದೆ. ಕಟ್ಟಿದ ದೋಣಿ ಎರಡೂ ಬದಿಯ ಆಸರೆ ಕಂಬಗಳ ನಡುವೆ ನೆಟ್ಟಗೆ ನಿಂತಿರುತ್ತದೆ. ನೀರಿಗಿಳಿಸುವ ದಿನ ಒಂದೇ ಬದಿಯ ಕಂಬಗಳನ್ನು, ಮೇಸ್ತ್ರಿ ಕೂಗಿದ ಹಾಗೆ, ಸ್ವಲ್ಪಸ್ವಲ್ಪವೇ ಕಡಿಯುತ್ತಾರೆ. ದೋಣಿ ಮೆಲ್ಲಗೆ ಆ ಮಗ್ಗುಲಿಗೆ ಮಲಗುತ್ತದೆ; ಆಮೇಲೆ ಅದನ್ನು ನೀರಿಗೆ ಎಳೆಯುತ್ತಾರೆ. ಲಿರಿಸ್ ಎರಡೂ ಬದಿಗೆ ಕೊಡಲಿಯವರನ್ನು ನಿಲ್ಲಿಸಿದ್ದಳು. ಹಾಗೆ ಕಡಿದರೆ ದೋಣಿ ಯಾರ ತಲೆ ಮೇಲೆ ಬೀಳುತ್ತದೋ ದೇವರಿಗೇ ಗೊತ್ತು.

ಊರು ಒಂದು ಸಲವಾದರೂ ಇವಳನ್ನು ನೋಡಿ ನಗಲಿ ಅನ್ನಿಸಿತು.

"ಎಲ್ಲಾ ಸರಿಯಾಗಿದೆ," ಎಂದೆ.

"ಈ ಹದಿನಾಲ್ಕು? ಚಿಕ್ಕೋಳಿದ್ದಾಗ ಒಂದೇ ಸಲ ನೋಡಿದ್ದು ಕಣೋ, ಅನುಮಾನ."

"ಎಲ್ಲಕ್ಕಿಂತ ಅದೇ ಚೆನ್ನಾಗಿದೆ."

ಪುಸ್ತಕ ಊರಿಗೆ ಬಂದ ದಿನ ನಗೆ ನೋಡಲೆಂದೇ ದೋಣಿ ಮೇಸ್ತ್ರಿ ಅಲ್ಫಿಯಸ್ ಅಜ್ಜನ ಅಂಗಳಕ್ಕೆ ಹೋದೆ. ಕೆಲಸದವರೆಲ್ಲ ಪುಸ್ತಕದ ಮೇಲೆ ಬಗ್ಗಿ ನಗುತ್ತಿದ್ದರು. ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಒಬ್ಬ ತಲೆ ಎತ್ತಿದ.

"ಬಂದ್ರಪ್ಪಾ ಪಂಡಿತ್ರು. ಏನಣ್ಣಾ, ಎರಡೂ ಕಡೆ ಕಡಿಸ್ತೀಯಂತೆ?"

"ಬರೆದೋಳು ಅವಳು, ನನ್ನನ್ಯಾಕೆ ಕೇಳ್ತೀಯಾ?"

"ಅವಳು ಊರು ಬಿಟ್ಟೋಳು, ಅವಳಿಗೇನು ಗೊತ್ತು ಪಾಪ," ಎಂದ ಅಜ್ಜ. "ಅದಕ್ಕೇ ಅಲ್ವಾ ಗೊತ್ತಿರೋನ್ನ ಕೇಳಿದ್ದು." ಮೊದಲ ಪುಟ ತೆರೆದು ತೋರಿಸಿದ. ಈ ಪುಸ್ತಕದ ಒಂದೊಂದು ದೋಣಿಯನ್ನೂ ನೋಡಿ ಒಪ್ಪಿದವನು ನನ್ನ ಗೆಳೆಯ ಕಾಸ್ಮೋರ್ ಕಜೋ, ಎಂದು ದಪ್ಪಕ್ಷರದಲ್ಲಿತ್ತು. ನನ್ನ ಹೆಸರು ಅಚ್ಚಾಗಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ವಾರದಲ್ಲಿ ಲಿರಿಸಳ ಫೋನ್ ಬಂತು.

"ಕಾಸ್ಮೋ, ಊರವರು ನಿನ್ನ ಆಡ್ಕೊಳ್ತಿದಾರಂತೆ. ಅಲ್ಫಿಯಸ್ ಅಜ್ಜಂಗೆ ಫೋನ್ ಮಾಡಿ ಹೇಳಿದೀನಿ, ನೀನು ತಪ್ಪು ತೋರಿಸಿದ್ದೆ, ನಾನೇ ತಿದ್ದೋಕೆ ಮರೆತೆ ಅಂತ. ಮುಂದಿನ ಮುದ್ರಣದಲ್ಲೂ ಹಾಗೇ ಬರೆಸ್ತೀನಿ. ನನ್ನಿಂದ ನಿನ್ನ ಮರ್ಯಾದೆ ಹೋಯ್ತು, ಬೇಜಾರು ಮಾಡ್ಕೋಬೇಡ."

ಒಳ್ಳೆಯತನದಲ್ಲೂ ಹಿಂದೆ ಹಾಕಿದಳಲ್ಲ ಎಂದು ಮೈಯೆಲ್ಲ ಉರಿಯಿತು. ನಿಜ ಹೇಳಲು ಬಾಯಿ ತೆರೆದೆ.

"ಪರವಾಗಿಲ್ಲ ಬಿಡು," ಎಂದೆ.