ಗಿರಿಮಲ್ಲಪ್ಪನವರೂ ತಿದಿಯಿಲ್ಲದ ಪೇಟಿಯೂ

ಗಿರಿಮಲ್ಲಪ್ಪನವರು ಎದುರಿಗಿದ್ದವರ ಕಣ್ಣು ನೋಡಿ ಮಾತನಾಡಿದ್ದನ್ನು ನಾನು ಕಂಡಿಲ್ಲ. ಅವರ ದೃಷ್ಟಿ ನಮ್ಮ ತುಟಿಗಳ ಮೇಲೆ ನೆಟ್ಟಿರುತ್ತಿತ್ತು, ಮಾತು ಪೂರ್ತಿ ಹೊರಬೀಳುವ ಮೊದಲೇ ಅದನ್ನು ಹಿಡಿದುಬಿಡುವ ಅವಸರದಲ್ಲಿರುವವರ ಹಾಗೆ. ಜಮಖಂಡಿಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತಳಾಗಿ, ಬನಹಟ್ಟಿಯಲ್ಲಿ ಅವರ ಮಗ್ಗದ ಶೆಡ್ಡಿಗೆ ಹೊಂದಿಕೊಂಡ ಮನೆಗೆ ಬಂದಾಗ ನಾನಿದನ್ನು ಅಸಭ್ಯತೆ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ಓಣಿಯ ನೇಕಾರರೆಲ್ಲ ಹೀಗೆಯೇ. ಹನ್ನೆರಡು ಮಗ್ಗಗಳು ಒಟ್ಟಿಗೆ ಬಡಿಯುವಲ್ಲಿ ಮಾತು ಕೇಳುವುದಿಲ್ಲ, ಕಾಣುತ್ತದೆ. ನನ್ನ ಕುತೂಹಲ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಊಹಿಸದೆ ಹೋದದ್ದು ಧ್ವನಿಯ ಪಾಠ ಹೇಳಿದವಳಿಗೆ ಶೋಭಿಸುವ ಸಂಗತಿಯಲ್ಲ.

ಎತ್ತರದ, ಬಡಕಲು ಆಳು. ನಡೆಯುವಾಗ ಎಡಭುಜ ಒಂದು ಗೇಣು ಮುಂದೆ, ಉಳಿದ ದೇಹ ಅದರ ಹಿಂದೆ. ಸಾವಿನ ಸುದ್ದಿಯಿರಲಿ, ಮದುವೆಯ ಸುದ್ದಿಯಿರಲಿ, ಕೇಳಿ ಮುಗಿಸಿದ ಮೇಲೆ ಅವರ ಉತ್ತರ ಒಂದೇ: "ಆತು, ಮುಂದ?" ಕ್ಲಾರಿನೆಟ್ ಹಿಡಿದು ಮೇಳದಲ್ಲಿ ಕುಳಿತಾಗ ಮಾತ್ರ ಕಪ್ಪು ಕೋಟು, ಏಪ್ರಿಲ್ ತಿಂಗಳಲ್ಲೂ ಕೊರಳಿನ ಗುಂಡಿಯವರೆಗೆ ಬಿಗಿದದ್ದು. ಸೆಕೆಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಕೋಟ್ ತಗದ್ರ ನಾ ನೇಕಾರ್ರೀ ಅಕ್ಕೋರ. ನೇಕಾರನ್ನ ಮದುವ್ಯಾಗ ಯಾರು ಸ್ಟೇಜಿನ ಮ್ಯಾಲೆ ಕುಂಡ್ರಿಸ್ತಾರ?" ಎಂದಿದ್ದರು.

ಆ ಮೇಳ ಹುಟ್ಟಿದ್ದು ಎಂಬತ್ತನಾಲ್ಕರಲ್ಲಿ. ತಬಲಾಕ್ಕೆ ಮುದಕಪ್ಪ, ಢೋಲಕಿಗೆ ಸಾಬಣ್ಣ, ಇಬ್ಬರೂ ನೇಕಾರರು. ಪೇಟಿಗೆ, ಅಂದರೆ ಹಾರ್ಮೋನಿಯಮ್ಮಿಗೆ, ಹುನ್ನೂರಿನ ಶಾಲಾಮಾಸ್ತರ ಚನಮಲ್ಲಪ್ಪ. ಕರೆಂಟು ಹೋಗಿ ಮಗ್ಗಗಳು ಸುಮ್ಮನಾದಾಗ ಅವರ ತಾಲೀಮು. ಕರೆಂಟು ಬಂದರೆ ಹಾಡು ಎಲ್ಲಿತ್ತೋ ಅಲ್ಲಿಗೇ ಬಿಟ್ಟು ಎದ್ದುಬಿಡುತ್ತಿದ್ದರು. ಎಷ್ಟೋ ಹಾಡುಗಳ ಕೊನೆಯ ಚರಣವನ್ನು ನಾನು ಗೋಡೆಯಾಚೆಯಿಂದ ಕೇಳಿಯೇ ಇಲ್ಲ.

ಎರಡು ಸಾವಿರದ ಎಂಟರಲ್ಲಿ ಚನಮಲ್ಲಪ್ಪನವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಆ ಹೊತ್ತಿಗೆ ಮದುವೆಯ ಮನೆಗಳು ಒಂದೊಂದಾಗಿ ಆರ್ಕೆಸ್ಟ್ರಾದ ಕಡೆ ಹೊರಳಿದ್ದವು. ಉಳಿದದ್ದು ಮುಧೋಳದ ಒಂದೇ ಮದುವೆ. ಕ್ಯಾಸಿಯೊ ಕೀಬೋರ್ಡ್ ಇದ್ದರೆ ಮಾತ್ರ ಬನ್ನಿ ಎಂದು ಅವರೂ ಕಟ್ಟುನಿಟ್ಟಾಗಿ ಹೇಳಿದ್ದರು. ಇದೂ ತಪ್ಪಿದರೆ ಮೇಳ ಮುಗಿಯಿತೆಂಬುದು ನಾಲ್ವರಿಗೂ ಗೊತ್ತಿತ್ತು.

ಹೀಗೆ ಸುವರ್ಣಾ ಬಂದಳು. ಚಿಮ್ಮಡದ ಹುಡುಗಿ, ಇಪ್ಪತ್ತಾರರ ವಯಸ್ಸು, ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಕೌದಿಯಲ್ಲಿ ಸುತ್ತಿದ ಕೀಬೋರ್ಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಶೆಡ್ಡಿನಲ್ಲಿ ಕೂತು ವೈರು ಕೈಯಲ್ಲಿ ಹಿಡಿದು ಸುತ್ತ ನೋಡಿದಳು.

"ಪ್ಲಗ್ ಎಲ್ಲೈತ್ರಿ ಕಾಕಾ?"

"ಪ್ಲಗ್ ಐತಿ. ಕರೆಂಟ ಇಲ್ಲ. ಕರೆಂಟ ಇದ್ರ ನಾವಿಲ್ಲ," ಎಂದ ಮುದಕಪ್ಪ.

ಅವಳು ಅಂಗಡಿಗೆ ಹೋಗಿ ಆರು ದೊಡ್ಡ ಶೆಲ್ಲು ತಂದು ಹಾಕಿದಳು. ನನಗೆ ಆಗಲೇ ಅವಳ ಮೇಲೆ ನಂಬಿಕೆ ಬಂತು.

ಆದರೆ ತಾಲೀಮು ಕೂಡಲಿಲ್ಲ. ಕೀಬೋರ್ಡಿನ ತುಣುಕು ಮುಗಿದು ಕ್ಲಾರಿನೆಟ್ ಏಳಬೇಕಾದಲ್ಲಿ ಗಿರಿಮಲ್ಲಪ್ಪ ಒಂದೋ ಮೊದಲೇ ಏಳುತ್ತಿದ್ದರು, ಇಲ್ಲವೇ ಅರ್ಧ ಆವರ್ತ ತಡವಾಗಿ. ಅವರ ಹಿಂದೆಯೇ ತಬಲಾ ಮುಗ್ಗರಿಸುತ್ತಿತ್ತು. ಗೋಡೆಯ ಈಚೆಗೆ ನಾನು ಪುಸ್ತಕ ಮುಚ್ಚಿಡುವಷ್ಟು ಹದಗೆಟ್ಟಿತ್ತು.

"ತಾಳದಾಗ ನಿಲ್ಲವಲ್ಲಿ ತಂಗಿ ನೀ," ಎಂದು ಅವರು ರೇಗಿದರು.

"ತಾಳ ಮಶಿನ್ನಿಂದೈತ್ರಿ ಕಾಕಾ. ಅದು ತಪ್ಪಂಗಿಲ್ಲ."

"ಹಂಗಾರ ನಾ ಮನಿಗಿ ಹೊಕ್ಕೇನಿ. ಅದಕ್ಕ ಒಂದ್ ಕೋಟ್ ಹೊಲಸ್ರಿ," ಎಂದು ಮುದಕಪ್ಪ ತಬಲಾದ ಮೇಲೆ ಬಟ್ಟೆ ಹೊದಿಸಿದ.

ಎಂಟನೆಯ ದಿನ ಸುವರ್ಣಾ ನುಡಿಸುವುದನ್ನು ನಡುವೆಯೇ ನಿಲ್ಲಿಸಿ ಕೇಳಿದಳು: "ನೀವು ಮೂರೂ ಮಂದಿ ನನ್ನ ಎಡಗೈ ಯಾಕ ನೋಡ್ತೀರಿ?"

ಅವಳೇ ಮುಂದುವರಿದಳು. "ಪೇಟಿ ಬಾರಸವ್ರು ಎಡಗೈಲೆ ಗಾಳಿ ಹಾಕ್ತಾರ. ಅದು ಎಳದಾಗ ನೀವು ಎತ್ತಕೊಂತಿದ್ರಿ, ಹೌದಿಲ್ಲೋ? ಇದಕ್ಕ ಗಾಳಿ ಹಾಕೂದಿಲ್ರಿ. ನಿಮಗ ಕಾಣೂದಿಲ್ಲ. ಖರೆ ಹೇಳ್ರಿ ಕಾಕಾ, ನಿಮಗ ಕೇಳತೈತಿ?"

"ನಾಳಿಂದ ನೀ ಬರಬ್ಯಾಡ," ಎಂದರು ಗಿರಿಮಲ್ಲಪ್ಪ.

ಅವಳು ಕೌದಿ ಸುತ್ತಿಕೊಂಡು ಬಸ್ಸಿಗೆ ಹೋದಳು.

ಮರುದಿನ ಬೆಳಿಗ್ಗೆ ಅವರು ನನ್ನ ಬಾಗಿಲಿಗೆ ಬಂದರು. ಕೋಟು ಹಾಕಿಕೊಂಡಿದ್ದರು. "ಕಿವಿ ತಪಾಸ್ ಮಾಡಾಕ ನಿಮ್ಮ ಕಡೆ ಏನರ ಐತೇನ್ರಿ?" ನಾನು ವೈದ್ಯಳಲ್ಲ, ಆದರೂ ಕುಳ್ಳಿರಿಸಿ, ಕೇಳಿಸಿದರೆ ಬೆರಳೆತ್ತಿ ಎಂದು ಹೇಳಿ ಬೆನ್ನ ಹಿಂದೆ ನಿಂತೆ. ಹಳೆಯ ಶ್ರುತಿಕವೆಯನ್ನು, ಅಂದರೆ ಕೆಳಸ್ವರದ ಟ್ಯೂನಿಂಗ್ ಫೋರ್ಕನ್ನು, ಬಡಿದಾಗ ಬೆರಳೆತ್ತಿದರು. ಆಮೇಲೆ ಡಿಜಿಟಲ್ ಗಡಿಯಾರದ ಅಲಾರಾಂ ಒತ್ತಿ ಕಿವಿಯ ಹತ್ತಿರ ಹಿಡಿದೆ. ಆ ತೀಕ್ಷ್ಣವಾದ ಪೀಂ ಪೀಂ ನನಗೇ ಹಿಂಸೆಯಾಗುವಂತಿತ್ತು. ಅವರು ಬೆರಳನ್ನು ಸಿದ್ಧವಾಗಿಟ್ಟುಕೊಂಡು ಕಾಯುತ್ತ ಕುಳಿತೇ ಇದ್ದರು. ನಾನು ಎದುರಿಗೆ ಬಂದು, ತುಟಿ ಕಾಣುವಂತೆ ಹೇಳಿದೆ: ಮೇಲಿನ ಸ್ವರಗಳು ನಿಮಗೆ ಕೇಳಿಸುವುದಿಲ್ಲ, ಇದು ಮಗ್ಗದ ಸದ್ದಿನ ಕೆಲಸ, ಹೋದದ್ದು ಮರಳುವುದಿಲ್ಲ.

ಅವರು ಬೆರಳು ಮಡಿಸಿಕೊಂಡರು. "ಕೆಳಗಿಂದು?"

"ಇದೆ."

"ಆತು. ಮುಂದ?"

ಮುಂದೆ ಅವರು ಹೋದದ್ದು ಹುನ್ನೂರಿಗೆ. ಹಣ್ಣು ಕೊಡಲು ನಾನೂ ಜೊತೆಗೆ ಹೋಗಿದ್ದರಿಂದ ಅಲ್ಲಿನ ಮಾತು ಕೇಳಿದೆ. ಹಾಸಿಗೆಯಲ್ಲಿದ್ದ ಚನಮಲ್ಲಪ್ಪನವರ ಮುಂದೆ ನಿಂತು ಇವರು ಕೇಳಿದ್ದು ಒಂದೇ ಪ್ರಶ್ನೆ: "ನಿನಗ ಗೊತ್ತಿತ್ತೇನಲೇ?"

ಚನಮಲ್ಲಪ್ಪ ಹೌದೆಂದು ತಲೆಯಾಡಿಸಿದರು. ಹತ್ತು ವರ್ಷ, ಪ್ರತಿ ಹಾಡಿನಲ್ಲಿ, ಕ್ಲಾರಿನೆಟ್ ಏಳುವ ಮುಂಚೆ ಗಾಳಿ ಹಾಕುವ ತಿದಿಯನ್ನು ಬೇಕೆಂದೇ ಅಗಲವಾಗಿ ಎಳೆದಿದ್ದರು.

"ಹೇಳಾಕ ಏನಾಗಿತ್ತು ನಿನಗ?"

ಸೊಟ್ಟಾದ ಬಾಯಿಂದ ಮಾತು ಕಷ್ಟಪಟ್ಟು ಬಂತು. "ಹೇಳಿದ್ರ... ನೀ ಬಿಡತಿದ್ದಿ."

"ಬಿಡತಿದ್ದಿಲ್ಲ! ಕಲೀತಿದ್ನಿ! ಹತ್ತು ವರ್ಷ ಹಾಳ ಮಾಡಿದಿ ನಂದು," ಎಂದು ಅರಚಿ, ಮರುಕ್ಷಣವೇ ಗೆಳೆಯನ ದಿಂಬು ಸರಿಮಾಡಿದರು. ಚನಮಲ್ಲಪ್ಪನವರ ಕರುಣೆಯನ್ನು ಊರು ಹೊಗಳಬಹುದು. ನಾನು ಹೊಗಳಲಾರೆ. ಒಬ್ಬ ಮನುಷ್ಯ ತಾನು ನಿಂತಿರುವ ನೆಲವನ್ನು ತಿಳಿಯದ ಹಾಗೆ ಮಾಡುವ ಕರುಣೆ ಅದು.

ಹುನ್ನೂರಿನಿಂದ ಅವರು ನೇರವಾಗಿ ಚಿಮ್ಮಡದ ಬಸ್ಸು ಹತ್ತಿದರು. ಸುವರ್ಣಾ ಬರಲು ಒಪ್ಪಿದಳು, ಒಂದು ಷರತ್ತಿನ ಮೇಲೆ: ಮೇಳದ ಎದುರಿಗೆ ಅವರೇ ಬಾಯಿಬಿಟ್ಟು ಹೇಳಬೇಕು. ಹೇಳಿದರು. "ನನಗ ಮ್ಯಾಲಿನ ಸ್ವರ ಕೇಳಂಗಿಲ್ಲ."

ಮುದಕಪ್ಪ ಕೆಮ್ಮಿದ. "ನನಗೂ ಆರೇಳು ವರ್ಷಾತು. ನೀ ಬೈತಿ ಅಂತ ಹೇಳಿದ್ದಿಲ್ಲ."

ಇಬ್ಬರೂ ಸಾಬಣ್ಣನ ಕಡೆ ತಿರುಗಿದರು. "ಏನಂತಾರ?" ಎಂದ ಸಾಬಣ್ಣ.

ಅವತ್ತು ನಕ್ಕಷ್ಟು ಆ ಶೆಡ್ಡಿನಲ್ಲಿ ಮತ್ತೆಂದೂ ನಗಲಿಲ್ಲ. ಉಳಿದ ಮೂರು ವಾರ ಬರೀ ದುಡಿಮೆ. ತಿದಿ ಎಳೆದಂತೆ ಎಡಮೊಳಕೈ ಆಡಿಸುತ್ತೇನೆಂದಳು ಸುವರ್ಣಾ. ಗಿರಿಮಲ್ಲಪ್ಪ ಒಪ್ಪಲಿಲ್ಲ: "ಸೋಗು ಬ್ಯಾಡ. ನಾವು ಹೊಸಾದು ಕಲಿಯೂಣು." ಅವಳು ಮಶಿನ್ನಿನ ತಾಳ ಬಂದ್ ಮಾಡಿದಳು, ತಬಲಾದ ಬಟ್ಟೆ ಸರಿಯಿತು. ಪ್ರತಿ ಎತ್ತುಗಡೆಗೆ ನಾಲ್ಕು ಮಾತ್ರೆ ಮೊದಲು ಅವಳು ಎಡಗೈಯನ್ನು ಕೀಬೋರ್ಡಿನ ಮನೆಗಳಿಂದ ಪೂರ್ತಿ ಮೇಲೆತ್ತುವುದು, ಇವರು ಎಣಿಸಿ ಏಳುವುದು ಎಂದು ನಿಶ್ಚಯವಾಯಿತು. ಅರವತ್ಮೂರರ ಗಿರಿಮಲ್ಲಪ್ಪ ಮಗ್ಗದ ಮುಂದೆ ನಿಂತಾಗಲೂ ತೊಡೆಯ ಮೇಲೆ ನಾಲ್ಕು ಎಣಿಸುತ್ತಿದ್ದರು. ಕೈ ಎತ್ತಿದಾಗ ಸ್ವರ ಒಂದಿಷ್ಟು ಬಡವಾಗುತ್ತಿತ್ತು, ನಿಜ. ಅದನ್ನು ಮುಚ್ಚಿಡಲು ಯಾರೂ ಯತ್ನಿಸಲಿಲ್ಲ.

ಮುಧೋಳದ ಮದುವೆಗೆ ನಾನೂ ಹೋಗಿದ್ದೆ. ಎರಡು ಕಡೆ ತಪ್ಪಿದರು, ಉಳಿದದ್ದೆಲ್ಲ ಕೂಡಿತು. ಮುಗಿದ ಮೇಲೆ ಹುಡುಗನ ಸೋದರಮಾವ ಹುಲೆಪ್ಪ ವೇದಿಕೆಯ ಹತ್ತಿರ ಬಂದು, ಆ ಹುಡುಗಿ ಅಡಿಗಡಿಗೆ ಕೈ ಯಾಕೆ ಎತ್ತುತ್ತಾಳೆಂದು ಕೇಳಿದ. ಮುದಕಪ್ಪ ಅದು ಹೊಸ ಸ್ಟೈಲ್ ಎಂದು ಹೇಳಹೊರಟಿದ್ದ. ಗಿರಿಮಲ್ಲಪ್ಪ ತಡೆದರು.

"ನಮಗ ಪೂರ್ತಿ ಕೇಳಂಗಿಲ್ರಿ. ಆಕಿ ತೋರಿಸ್ತಾಳ, ನಾವು ಎತ್ತಕೋತೀವಿ."

"ಕಿವುಡರ ಮ್ಯಾಳ ಏನ್ರಿ ಇದು!"

"ಹೌದ್ರಿ. ಬಾರಿಸಿದ್ದು ಹ್ಯಾಂಗಿತ್ತು?"

ಆತ ತಡವರಿಸಿದ. "ಛಲೋ ಇತ್ತು ಖರೆ..." ಎಂದು ಇನ್ನೊಬ್ಬ ತಂಗಿಯ ಮನೆಯ ಸೀಮಂತದ ತಾರೀಖು ಹೇಳಿ ಬಾರಿಸಲು ಕರೆದ.

ಕೊರತೆಯನ್ನು ಮುಚ್ಚಿಟ್ಟು ಘನತೆ ಉಳಿಸಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ, ನನ್ನಂಥ ಓದಿದವರಲ್ಲೇ ಹೆಚ್ಚು. ಅದನ್ನು ತೋರಿಸಿ ಮರುಕ ಗಳಿಸುವವರನ್ನೂ ಕಂಡಿದ್ದೇನೆ. ಕಳೆದದ್ದೆಷ್ಟು, ಉಳಿದದ್ದೆಷ್ಟು ಎಂದು ತಿಳಿದುಕೊಂಡು ಅದೇ ದಿನ ಬಸ್ಸು ಹತ್ತುವವರು ಬಲು ಕಡಿಮೆ. ಇಂಥವರ ಮೇಲೆ ಮರುಕ ತೋರಿಸುವುದೆಂದರೆ ಅವರ ಹೊತ್ತು ಕಳೆಯುವುದು. ಅವರು ನಮ್ಮಿಂದ ಬಯಸುವುದು ಇಷ್ಟೇ: ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಯಾರಾದರೂ ಸುಳ್ಳು ಬೆರೆಸದೆ ತೋರಿಸಲಿ. ಆಮೇಲಿನದು ಅವರ ಉಸಿರಿಗೆ ಬಿಟ್ಟದ್ದು, ಅದರಲ್ಲಿ ಅವರು ಹಿಂದೆಗೆಯುವವರಲ್ಲ.