ಬಾಕಿ ಹದಿನೆಂಟು ನಿಮಿಷ

ಮೇಲಿನ ಸಾಲಿನ ಕ್ಯಾಸೆಟ್ಟುಗಳನ್ನು ಗಲ್ಲದಿಂದ ಅದುಮಿ ಹಿಡಿದು ಅವಳು ಸ್ಟೂಲಿನಿಂದ ಇಳಿಯುತ್ತಿರುವಾಗ ಅತ್ತೆ ಕೆಳಗಿನಿಂದ ಕೈ ಚಾಚಿದರು.

“ಕೊಡಿಲ್ಲಿ. ಬೇಗ ಇಳಿಸಮ್ಮ, ವ್ಯಾನು ಆಸ್ಪತ್ರೆ ಬಿಟ್ಟಾಯ್ತಂತೆ. ಅವನನ್ನ ಎಲ್ಲಿ ಮಲಗಿಸೋದು, ಈ ಡಬ್ಬಿಗಳ ಮೇಲಾ?”

ಹೇಳಿದ ಮೇಲೆ ಅತ್ತೆಗೇ ಮಾತು ಚುಚ್ಚಿತು. ಸೆರಗಿನಿಂದ ಒಂದು ಡಬ್ಬಿಯ ಧೂಳು ಒರೆಸಿದರು. ಅದರ ಮೇಲೆ ಧೂಳಿರಲಿಲ್ಲ.

ಮುಂದಿನ ಕೋಣೆಯ ಎರಡು ಗೋಡೆಗಳ ತುಂಬ ಸಿನಿಮಾಗಳೇ. ಕಪ್ಪು ಬಿಳುಪಿನ ಕಾಲದವು, ಹೆಸರು ಹೇಳಲು ನಾಲಿಗೆ ಹೊರಳದ ದೇಶಗಳವು, ಯಾವ ಟಾಕೀಸಿಗೂ ಬಾರದೆ ಹೋದವು. ಮುಚ್ಚಿಹೋದ ಬಾಡಿಗೆ ಅಂಗಡಿಗಳಿಂದ, ಗುಜರಿಯಿಂದ, ಮನೆ ಖಾಲಿ ಮಾಡುವವರ ಮೂಟೆಗಳಿಂದ ಅವಳ ಗಂಡ ಒಂದೊಂದಾಗಿ ಹೆಕ್ಕಿ ತಂದಿದ್ದ. ಡಿಸ್ಕುಗಳು ಬಂದು ಅವೂ ಹಳತಾದ ಮೇಲೆಯೂ ಅವನಿಗೆ ಕ್ಯಾಸೆಟ್ಟೇ ಆಗಬೇಕು. “ಎಲ್ಲಿ ನಿಲ್ಲಿಸಿದೆ ಅನ್ನೋದು ಕ್ಯಾಸೆಟ್ಟಿಗೆ ನೆನಪಿರತ್ತೆ ಕಣೇ,” ಅನ್ನುತ್ತಿದ್ದ.

ಅವನು ಲಿಫ್ಟ್ ಮೆಕ್ಯಾನಿಕ್. ನಿನ್ನೆ ಮಧ್ಯಾಹ್ನ ಯಾವುದೋ ಕಟ್ಟಡದ ಐದನೆಯ ಮಹಡಿಯಲ್ಲಿ ಪಾನಾ-ಸುತ್ತಿಗೆಗಳ ಚೀಲ ಕೆಳಗಿಟ್ಟು, ಎದೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಮೂವತ್ತಾರು ವರ್ಷ.

“ರಿಪೇರಿ ಅಂಗಡಿ ಟೇಪಣ್ಣನಿಗೆ ಇವನ್ನೆಲ್ಲ ಇವತ್ತೇ ಒಯ್ಯೋಕೆ ಹೇಳಿದೆಯಂತೆ?” ಅತ್ತೆ ಕೇಳಿದರು.

“ಹೂಂ.”

“ಅವನು ಜೀವ ಇಟ್ಕೊಂಡಿದ್ದ ಸಾಮಾನು. ನಾಲ್ಕು ದಿನ ಇರಲಿ ಬಿಡು.”

“ಬೇಡ ಅತ್ತೆ. ಇವತ್ತೇ ಹೋಗಲಿ.”

ಅತ್ತೆ ಅವಳ ಮುಖವನ್ನೇ ನೋಡಿದರು. ದುಃಖಕ್ಕೆ ಹೀಗೆ ಆಡುತ್ತಿದ್ದಾಳೆ ಎಂದುಕೊಂಡಿರಬೇಕು. ಎಲ್ಲರೂ ಹಾಗೇ ಅಂದುಕೊಂಡರೆ ಒಳ್ಳೆಯದು ಎಂದು ಅವಳಿಗೆ ಅನಿಸಿತು.

ಕೊನೆಯ ಸಾಲಿನ ಅಂಚಿನಲ್ಲಿ ಆ ಡಬ್ಬಿ ಇತ್ತು. ಬೆನ್ನಿನ ಮೇಲೆ ಅವನ ದೊಡ್ಡ ದೊಡ್ಡ ಅಕ್ಷರ: ‘ಗಡಿಯಾರದವನು’. ನಿಜವಾದ ಹೆಸರು ಬೇರೆ, ಅವನಿಗೆ ಅದು ಬಾಯಿಗೆ ಬರುತ್ತಿರಲಿಲ್ಲ. ಅವಳು ಅದನ್ನು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಎರಡೇ ಬೆರಳಲ್ಲಿ ಎತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಬೇರೆ ಡಬ್ಬಿಗಳನ್ನು ಸುರಿದಳು.

*

ಮದುವೆಯಾದ ಹೊಸತರಲ್ಲಿ ಅವನು ನಾಚಿಕೊಂಡೇ ಕೇಳಿದ್ದ: “ನೀನು ದೊಡ್ಡ ಓದು ಓದಿದವಳು. ಕೆಳಗಡೆ ಅಕ್ಷರ ಓಡತ್ತಲ್ಲ, ಅದನ್ನ ಓದಿ ಹೇಳ್ತೀಯಾ? ನಾನು ಕೂಡಿಸಿ ಓದೋ ಹೊತ್ತಿಗೆ ಅದು ಊರು ಬಿಟ್ಟಿರತ್ತೆ.”

ಅಂದಿನಿಂದ ಸಂಜೆ ಊಟ ಮುಗಿಸಿ ಏಳೂವರೆಗೆ ಕೂರುವುದು ರೂಢಿಯಾಯಿತು. ಚಿತ್ರ ಅವನದು, ಮಾತು ಅವಳದು. ರಾಣಿಯ ಮಾತನ್ನೂ ಕಳ್ಳನ ಮಾತನ್ನೂ ಅವಳು ಒಂದೇ ದನಿಯಲ್ಲಿ ಓದುತ್ತಿದ್ದಳು. “ಅಯ್ಯೋ, ರಕ್ತ ಪರೀಕ್ಷೆ ರಿಪೋರ್ಟ್ ಓದಿದ ಹಾಗೆ ಓದ್ತೀಯಲ್ಲೇ,” ಎಂದು ಅವನು ನಗುತ್ತಿದ್ದ. ಅವಳ ಕೆಲಸವೂ ಅದೇ. ಪರೀಕ್ಷಾಲಯದಲ್ಲಿ ಬೆಳಗಿನ ಪಾಳಿ, ಆರಕ್ಕೆ ಹಾಜರಿ. ಎಂಟೂವರೆ ಆಗುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು, ಓದು ತೊದಲುತ್ತಿತ್ತು, ನಿಲ್ಲುತ್ತಿತ್ತು.

ಬೆಳಿಗ್ಗೆ ನೋಡಿದರೆ ಡಬ್ಬಿಯೊಳಗೆ ಒಂದು ಚೀಟಿ. ಅವಳು ಮಲಗಿದ್ದು ಎಷ್ಟನೆಯ ನಿಮಿಷಕ್ಕೆ ಎಂದು ಬರೆದಿರುತ್ತಿದ್ದ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತದೆ ಅಲ್ಲಿಗೇ ನಿಲ್ಲಿಸಿ ಇಟ್ಟಿರುತ್ತಿದ್ದ. “ನೋಡು, ಎಡಗಡೆ ಸುರುಳಿ ಇನ್ನೂ ಬರಬೇಕಾದ್ದು, ಬಲಗಡೆದು ಆಗಿಹೋದದ್ದು. ಬಿಡುವಾದಾಗ ಉಳಿದದ್ದು ನೋಡೋಣ.” ತಾನು ಮಲಗಿದ ಮೇಲೆ ಅವನು ಹೇಗೂ ಕೊನೆತನಕ ನೋಡಿಯೇ ಏಳುತ್ತಾನೆ, ಈ ಚೀಟಿ ತನ್ನ ಸಲುವಾಗಿ ಮಾತ್ರ ಎಂದೇ ಅವಳು ತಿಳಿದಿದ್ದಳು. ಸಿನಿಮಾ ಹುಚ್ಚಿನವನು ಅರ್ಧಕ್ಕೆ ಎದ್ದು ಹೋಗುತ್ತಾನೆಯೇ?

ಹೋದ ತಿಂಗಳು ಒಂದು ಭಾನುವಾರ ಅವನು ಆ ಡಬ್ಬಿ ಹಿಡಿದು ಬಂದ.

“ಏಳೇ, ಗಡಿಯಾರದವನನ್ನ ಮುಗಿಸಿಬಿಡೋಣ. ಬಾಕಿ ಹದಿನೆಂಟೇ ನಿಮಿಷ.”

ಅವಳಿಗೆ ತಲೆನೋವು. ಬೇಡ ಎಂದಿದ್ದರೆ ಸಾಕಿತ್ತು. ಅದು ಬಿಟ್ಟು, ಬಾಯಿಗೆ ಸುಲಭವಾಗಿ ಬಂದದ್ದನ್ನು ಅಂದಳು: “ನಾನು ನೋಡಿ ಮುಗಿಸಿದೆನಲ್ಲ. ಮೊನ್ನೆ ನೀನು ಕೆಲಸಕ್ಕೆ ಹೋಗಿದ್ದಾಗ.”

ಸುಳ್ಳು ಆಗಲೇ ಹುಟ್ಟಿದ್ದಲ್ಲ. ಇಂಥ ಭಾನುವಾರ ಬರುತ್ತದೆ ಎಂದು ಗೊತ್ತಿದ್ದೇ ಮೂರು ದಿನ ಮೊದಲು ಅವಳು ಕ್ಯಾಸೆಟ್ಟನ್ನು ನೋಡಿ ಮುಗಿಸಿದವರ ಹಾಗೆ ಪೂರ್ತಿ ಹಿಂದಕ್ಕೆ ಸುತ್ತಿಟ್ಟಿದ್ದಳು.

ಅವನು ಡಬ್ಬಿ ತೆರೆದು ನೋಡಿದ. ಸುರುಳಿಯೆಲ್ಲ ಎಡಗಡೆಗೆ ಬಂದಿತ್ತು.

“ಒಬ್ಬಳೇ ನೋಡಿದೆಯಾ?” ಎಂದ. ಡಬ್ಬಿ ಮುಚ್ಚುತ್ತ, “ಕೊನೆಗೆ ಏನಾಗತ್ತೆ ಹೇಳು.”

ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಳು. ದೂರದ ಊರಿನ ಗೋಪುರದ ಗಡಿಯಾರ ಸರಿಮಾಡಲು ಹಿಮದಲ್ಲಿ ಹೊರಟವನ ಕತೆ ಅದು. ಹೋದಷ್ಟೂ ಊರು ಇನ್ನೂ ಮುಂದಿದೆ ಅನ್ನುತ್ತಾರೆ. ಹೆಂಡತಿ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಿರುತ್ತಾಳೆ. ಅಲ್ಲಿಯವರೆಗೆ ಅವಳಿಗೆ ನೆನಪಿತ್ತು.

“ಮನೆಗೆ ವಾಪಸ್ ಬರ್ತಾನೆ,” ಅಂದಳು.

“ಹೆಂಡತಿ ಬಾಗಿಲಲ್ಲೇ ಇರ್ತಾಳಾ?”

“ಇರ್ತಾಳೆ.”

“ಸದ್ಯ,” ಅಂದ ಅವನು.

ಊಹೆ ಸರಿಹೋಯಿತು ಎಂದು ಅವಳು ಮಗ್ಗುಲಾಗಿ ಮಲಗಿದ್ದಳು.

*

ಅವನನ್ನು ತಂದು ಮಲಗಿಸಿದಾಗ ಖಾಲಿ ಗೋಡೆಗಳಿಂದಾಗಿ ಕೋಣೆ ಎರಡರಷ್ಟು ದೊಡ್ಡದಾಗಿ ಕಂಡಿತು. ಮಾತಾಡಿದರೆ ಪ್ರತಿದನಿ ಬರುತ್ತಿತ್ತು. ಅದಕ್ಕೇ ಏನೋ, ಎಲ್ಲರೂ ಪಿಸುಗುಟ್ಟುತ್ತಿದ್ದರು.

ಟೇಪಣ್ಣ ಮಾತ್ರ ಪಿಸುಗುಟ್ಟುವ ಜಾತಿಯಲ್ಲ. ಹಳೆಯ ವೀಡಿಯೋ ಯಂತ್ರಗಳ ರಿಪೇರಿ ಅಂಗಡಿ ಅವನದು. ಗಂಡನಿಗೆ ಈ ಗೀಳು ಹತ್ತಿಸಿದವನೂ ಅವನೇ. ಲಿಫ್ಟ್ ಕಂಪನಿಯ ಕೆಲಸಗಾರರ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದ.

“ನಮ್ಮ ಮೆಕ್ಯಾನಿಕ್ಕು ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರಿಗೆ ಕತೆ ಹೇಳೋನು ಗೊತ್ತಾ ಟೇಪಣ್ಣ?” ಒಬ್ಬ ಹೇಳಿದ. “ಆಚೆಯಿಂದ ನಟ್ಟು ಬಿಚ್ತಾ ಬಿಚ್ತಾ. ಒಬ್ರಂತೂ ಬಾಗಿಲು ತೆಗೆದ ಮೇಲೂ ಈಚೆ ಬರಲಿಲ್ಲ, ಮುಂದೇನಾಯ್ತು ಹೇಳು ಅಂತ.”

“ಕತೆ ಏನೋ ಹೇಳೋನು. ಕೊನೆ ಅವನಿಗೆಲ್ಲಿ ಗೊತ್ತಿತ್ತು?” ಟೇಪಣ್ಣ ಅವಳ ಕಡೆ ತಿರುಗಿದ. “ಏನು ತಂಗಿ, ಸುಳ್ಳಾ? ನೀನು ಮಲಗಿದ ಮೇಲೆ ಒಂದು ನಿಮಿಷ ಮುಂದಕ್ಕೆ ನೋಡ್ತಿರಲಿಲ್ಲ ಪುಣ್ಯಾತ್ಮ. ನಾನು ಕೊನೆ ಹೇಳೋಕೆ ಹೋದರೆ ಎರಡೂ ಕಿವಿ ಮುಚ್ಕೊಂಡು ‘ಲಾ ಲಾ ಲಾ’ ಅನ್ನೋನು. ಮದುವೆ ಆದಮೇಲೆ ಕೊಂಡ ಸಿನಿಮಾ ಒಂದನ್ನೂ ಒಬ್ಬನೇ ಪೂರ್ತಿ ನೋಡಲಿಲ್ಲ.”

ಯಾರೋ ನಕ್ಕು, ನಗಬಾರದಿತ್ತೆಂದು ಕೆಮ್ಮಿದರು. ಅವಳು ನೆಲದ ಮೇಲೆ ಅಂಗೈ ಊರಿದಳು. ಹಾಗಾದರೆ ಅದು ಪರೀಕ್ಷೆಯಾಗಿರಲಿಲ್ಲ. ಅವನು ಗೊತ್ತಿಲ್ಲದೆಯೇ ಕೇಳಿದ್ದ.

ಅಷ್ಟರಲ್ಲಿ ಕೋಲೂರಿಕೊಂಡು ವಯಸ್ಸಾದ ಹೆಂಗಸೊಬ್ಬರು ಒಳಗೆ ಬಂದರು. ಯಾರಿಗೂ ಪರಿಚಯವಿಲ್ಲ. ಮಲಗಿಸಿದ್ದವನ ಮುಖ ನೋಡಿ, ಕಣ್ಣೊರೆಸಿಕೊಂಡು, ವಿಚಾರಿಸುತ್ತ ವಿಚಾರಿಸುತ್ತ ಅವಳ ಪಕ್ಕಕ್ಕೆ ಬಂದು ಕೂತರು.

“ನೀನೇ ಏನಮ್ಮ ಅವರ ಮನೆಯವಳು? ನಾನು ಹಿಂದಿನ ಬೀದಿ ದೊಡ್ಡ ಕಟ್ಟಡದವಳು. ಎರಡು ವಾರದ ಹಿಂದೆ ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ಮುಕ್ಕಾಲು ಗಂಟೆ. ಉಸಿರೇ ನಿಂತ ಹಾಗಾಗಿತ್ತು. ‘ಅಜ್ಜೀ, ಗೋಡೆಗೆ ಒರಗಿ ಕೂತ್ಕೊಳ್ಳಿ, ಒಂದು ಗಡಿಯಾರದವನ ಕತೆ ಹೇಳ್ತೀನಿ’ ಅಂದರು.”

ಅವಳು ತಲೆಯೆತ್ತಿ ಅಜ್ಜಿಯನ್ನು ನೋಡಿದಳು.

“ಕೊನೆ ಮಾತ್ರ, ‘ನಾನು ನೋಡಿಲ್ಲ ಅಜ್ಜೀ, ನಮ್ಮ ಮನೆಯವಳು ನೋಡಿದ್ದಾಳೆ. ಅವನು ವಾಪಸ್ ಬರ್ತಾನಂತೆ, ಹೆಂಡತಿ ಬಾಗಿಲಲ್ಲೇ ಇರ್ತಾಳಂತೆ’ ಅಂದರು.” ಅಜ್ಜಿ ದನಿ ತಗ್ಗಿಸಿದರು. “ಇಂಥ ಹೊತ್ತಲ್ಲಿ ಕೇಳಬಾರದು. ಆದರೂ ಮನಸ್ಸು ತಡೀಲಿಲ್ಲ. ನಿಜಾನಾ ಮಗಳೇ? ಇಲ್ಲ, ಮುದುಕಿ ಹೆದರದೆ ಇರಲಿ ಅಂತ ಅವರೇ ಕಟ್ಟಿ ಹೇಳಿದ್ದಾ?”

ಟೇಪಣ್ಣ ಬಾಯಿ ತೆರೆದ. ಅವನಿಗೆ ಕೊನೆ ಗೊತ್ತಿತ್ತು. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

“ಅವರು ಕಟ್ಟಿದ್ದಲ್ಲ,” ಅವಳೆಂದಳು.

ಅಷ್ಟು ಮಾತ್ರ ನಿಜ. ಅಜ್ಜಿ ಅದನ್ನು ಬೇರೆಯದಾಗಿ ತೆಗೆದುಕೊಂಡು, ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಒತ್ತಿ, “ಒಳ್ಳೇದಾಯ್ತು ಕಣಮ್ಮ, ಒಳ್ಳೇದಾಯ್ತು,” ಎಂದು ಎದ್ದರು. ಆ ಕೈಯನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

*

ಅವನನ್ನು ಕಳಿಸಿ ಹಿಂತಿರುಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಟೇಪಣ್ಣ ಪೆಟ್ಟಿಗೆಗಳನ್ನು ಒಂದೊಂದಾಗಿ ತನ್ನ ವ್ಯಾನಿಗೆ ಹೊತ್ತು ಹಾಕಿದ. ಕೊನೆಯದನ್ನು ಎತ್ತುವಾಗ ಅದರ ತಳ ಬಿಚ್ಚಿಕೊಂಡು ಡಬ್ಬಿಗಳು ಹೊಸ್ತಿಲ ಮೇಲೆ ಚೆಲ್ಲಿದವು.

“ಥೂ! ನೀನು ಬಿಡು ತಂಗಿ, ನಾನು ಆರಿಸ್ಕೋತೀನಿ.”

‘ಗಡಿಯಾರದವನು’ ಬಾಯಿ ತೆರೆದು ಅವಳ ಪಾದದ ಬಳಿ ಬಿದ್ದಿತ್ತು. ಚೀಟಿ ಒಳಗೇ ಇತ್ತು. ‘ಒಂದು ಗಂಟೆ ಇಪ್ಪತ್ತನಾಲ್ಕು.’ ಅವಳು ಕ್ಯಾಸೆಟ್ಟನ್ನು ಎತ್ತಿ, ಅದರ ಪುಟ್ಟ ಕಿಟಕಿಯನ್ನು ಬೆಳಕಿಗೆ ಹಿಡಿದಳು.

ಅವಳು ಪೂರ್ತಿ ಎಡಕ್ಕೆ ಸುತ್ತಿಟ್ಟಿದ್ದ ಸುರುಳಿ ಬಲಗಡೆ ದಪ್ಪಗೆ ಕೂತಿತ್ತು. ಎಡಗಡೆ ತೆಳ್ಳಗೆ, ಬಳೆಯ ದಪ್ಪದಷ್ಟು ಉಳಿದಿತ್ತು.

ಅವಳು ಬಹಳ ಹೊತ್ತು ನೋಡಿದಳು. ಅವನು ಯಾವಾಗ ಸುತ್ತಿದನೋ. ಅವಳು ಪಾಳಿಗೆ ಹೋದಾಗ ಒಬ್ಬನೇ ಕೂತು, ಚೀಟಿ ಪಕ್ಕದಲ್ಲಿಟ್ಟುಕೊಂಡು, ಸರಿಯಾಗಿ ಆ ನಿಮಿಷಕ್ಕೆ ತಂದು ನಿಲ್ಲಿಸಿದ್ದ. ಮುಂದಕ್ಕೆ ಹೋಗಿರಲಿಲ್ಲ. ಅವಳನ್ನು ಏನೂ ಕೇಳಿರಲಿಲ್ಲ.

“ಹಿಂದಕ್ಕೆ ಸುತ್ತಿಲ್ವಾ ಅದು?” ಟೇಪಣ್ಣ ಕೈ ಚಾಚಿದ. “ಕೊಡು, ಅಂಗಡೀಲಿ ಸುತ್ತಿಡ್ತೀನಿ. ಹಾಗೇ ಇಟ್ಟರೆ ಕೆಡತ್ತೆ.”

“ಬೇಡ.”

“ಅದರ ಕೊನೆ ಬೇಕಾದ್ರೆ ನಾನು…”

“ಹೇಳಬೇಡಿ ಟೇಪಣ್ಣ.”

ಅವನು ಉಳಿದವನ್ನು ಬಾಚಿಕೊಂಡು ಹೊರಟ. ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಯಿತು. “ಒಳಗೆ ಬಾರಮ್ಮ, ಬಾಗಿಲು ಹಾಕು,” ಅತ್ತೆ ಎರಡು ಸಲ ಕರೆದರು.

ಸುರುಳಿ ತಾನಾಗಿ ಎಲ್ಲಿ ಹಿಂದಕ್ಕೆ ತಿರುಗಿಬಿಡುತ್ತದೋ ಎನ್ನುವಂತೆ ಕಿಟಕಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಅವಳು ಬಾಗಿಲಲ್ಲೇ ನಿಂತಿದ್ದಳು.